ಕೋಟ ಸೀಮೆಯ ಬಡಿಸುವವರಿಗೊಂದು ಬಹಿರಂಗ ಪತ್ರ

ಮಾನ್ಯ ಉಪಚಾರಪ್ರವೀಣರೇ,

ಬೈಂದೂರಿನಿಂದ ಬ್ರಹ್ಮಾವರದವರೆಗೆ ಯಾವ ಮದುವೆ, ಉಪನಯನಕ್ಕೆ ಹೋದರೂ ನಿಮ್ಮ ಕೈಯಿಂದ ತಪ್ಪಿಸಿಕೊಂಡ ಎಲೆ ಇಲ್ಲ. ನಮ್ಮ ಪೈಕಿಯವರೊಬ್ಬರು ತೂಕ ಇಳಿಸುವ ಆಪರೇಷನ್ನಿನಲ್ಲಿ ಜಠರದ ಮುಕ್ಕಾಲು ಪಾಲನ್ನೇ ತೆಗೆಸಿಕೊಂಡು ಬಂದರು. ಅದೂ ನಿಮಗೆ ಸಾಲಲಿಲ್ಲ. ಸಾಲಿಗ್ರಾಮದ ಊಟವೊಂದರಲ್ಲಿ ಅವರು ಎಲೆಗೆ ಕೈ ಅಡ್ಡ ಹಿಡಿದರೆ, ಬೆರಳ ಸಂದಿನಲ್ಲೇ ಹೋಳಿಗೆ ಜಾರಿಸಿ, “ಒಂದ್ ಹೋಳ್ಗಿ ತಿಂದ್ರೆ ಎಂತ ಆತ್ತ್ ಮಾರಾಯ್ರೆ?” ಎಂದಿರಿ.

ಕೇಳಿದ್ದೀರಿ, ಹೇಳುತ್ತೇನೆ. ಸ್ಲೀವ್ ಎಂಬ ಈ ಆಪರೇಷನ್ ಆದವರಿಗೆ ಉಳಿಯುವುದು ಬಾಳೆಕಾಯಿ ಆಕಾರದ ಒಂದು ಕೊಳವೆ. ತುಂಬಿದ ಮೇಲೂ ತುರುಕಿದರೆ ಎದೆ ಒತ್ತುತ್ತದೆ, ವಾಂತಿಯಾಗುತ್ತದೆ. ಕರುಳನ್ನೂ ತಿರುಗಿಸಿ ಜೋಡಿಸುವ ಬೈಪಾಸ್ ಆದವರಿಗಾದರೆ ಸಿಹಿ ಸರ್ರನೆ ಸಣ್ಣ ಕರುಳಿಗಿಳಿದು ಬೆವರು, ಎದೆಬಡಿತ, ತಲೆಸುತ್ತು. ಪಂಕ್ತಿಯ ನಡುವೆ ಎದ್ದವರನ್ನು ನೀವು ಹೇಗೆ ನೋಡುತ್ತೀರೆಂಬುದೂ ನನಗೆ ಗೊತ್ತಿದೆ.

ಆಪರೇಷನ್ನಿನ ಹೊಸತರಲ್ಲಿ ನೀವು ಪ್ರೀತಿಯಿಂದ ಗಂಜಿ ತಿಳಿ ತಂದುಕೊಟ್ಟಿರಿ. ವಾರಗಟ್ಟಲೆ ದ್ರವಾಹಾರ, ಆಮೇಲೆ ಅರೆದದ್ದು, ಆಮೇಲೆ ಮೆತ್ತಗಿನದು ಎಂಬ ಕ್ರಮವೇನೋ ಹೌದು. ಆದರೆ ಡಯಟೀಷಿಯನ್ ಕೇಳುವುದು ದಿನಕ್ಕೆ 60 ಗ್ರಾಂನಷ್ಟು ಪ್ರೋಟೀನು, ತಿಳಿಯಲ್ಲಿ ಅದೆಲ್ಲಿ? ಊಟದ ಜೊತೆ ನೀರನ್ನೂ ಕುಡಿಯುವಂತಿಲ್ಲ, ಅರ್ಧ ಗಂಟೆ ಕಾಯಬೇಕು. ಬಿ12, ಕಬ್ಬಿಣ, ಕ್ಯಾಲ್ಸಿಯಂ ಮಾತ್ರೆಗಳು ಜೀವನಪರ್ಯಂತ. ಮೂರನೇ ತಿಂಗಳ ಹೊತ್ತಿಗೆ ಕೂದಲು ಉದುರಿದಾಗ ನೀವು ಎಣ್ಣೆ ಸೂಚಿಸಿದಿರಿ. ಸಾಮಾನ್ಯವಾಗಿ ಅದು ತಾನಾಗಿಯೇ ಮತ್ತೆ ಬರುತ್ತದೆ. ಜೋತುಬಿದ್ದ ಚರ್ಮ ಮಾತ್ರ ಹಾಗಲ್ಲ.

ಇಷ್ಟೆಲ್ಲ ಅನುಭವಿಸಿದವರಿಗೆ ನೀವು ಕೊಟ್ಟ ಬಿರುದು: “ಸುಲಭದ ದಾರಿ ಹಿಡಿದವರು.” ಅವರ ಸಕ್ಕರೆ ಕಾಯಿಲೆಯ ಮಾತ್ರೆ ಇಳಿದದ್ದು, ರಾತ್ರಿ ಉಸಿರು ಕಟ್ಟುವುದು ನಿಂತದ್ದು ನಿಮ್ಮ ಲೆಕ್ಕಕ್ಕೆ ಬರಲಿಲ್ಲ. ಆಪರೇಷನ್ ಮಾಡಿಸಿದ್ದೇ ಅದಕ್ಕೆ. ತೂಕ ಹೆಚ್ಚಾಗಿ ಇಳಿಯುವುದು ಮೊದಲ ಒಂದೂವರೆ ವರ್ಷದಲ್ಲಿ. ಬಳಿಕ ಒಂದಿಷ್ಟು ಮರಳುವುದೂ ಉಂಟು. ಮರಳಿದ ದಿನ ನೀವು ಏನೆನ್ನುತ್ತೀರೆಂದು ಬಲ್ಲೆ.

ನಿಮ್ಮಲ್ಲೊಬ್ಬರು ಹೆದರಿಸಿದರು ಕೂಡ: “ಆ ಟೀವಿ ನಟಿ ಸತ್ತದ್ದು ಇದರಲ್ಲೇ ಅಲ್ದಾ?” ಅಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡ 21 ವರ್ಷದ ಚೇತನಾ ರಾಜ್ ಮಾಡಿಸಿಕೊಂಡದ್ದು ಕೊಬ್ಬು ತೆಗೆಸುವ ಸೌಂದರ್ಯ ಚಿಕಿತ್ಸೆ. ಅದು ಮೈಯ ಆಕಾರಕ್ಕೆ, ಇದು ಕಾಯಿಲೆಗೆ. ಇದರಲ್ಲಿ ಅಪಾಯವೇ ಇಲ್ಲವೆಂದಲ್ಲ: ಹೊಲಿಗೆ ಸೋರಬಹುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಬಹುದು, ಪಿತ್ತಕೋಶದಲ್ಲಿ ಕಲ್ಲು ಕಟ್ಟಬಹುದು. ಇವನ್ನೆಲ್ಲ ಸರ್ಜನ್ ಮೊದಲೇ ಕೂರಿಸಿ ಹೇಳಬೇಕು. ಹೇಳದವರ ಹತ್ತಿರ ಹೋಗಬಾರದು.

ದಪ್ಪ ಇದ್ದಾಗ “ಬಾಯಿ ಕಟ್ಟಿ” ಎಂದು ಉಪದೇಶಿಸುತ್ತಲೇ ಎರಡನೇ ಹೋಳಿಗೆ ಹಾಕಿದವರು ನೀವು. ಸಣ್ಣಗಾದ ಮೇಲೆ “ಎಂತ ಸೀಕ್?” ಎಂದು ಗುಟ್ಟಿನಲ್ಲಿ ಕೇಳಿದವರೂ ನೀವೇ. ಜಠರವನ್ನು ಕತ್ತರಿಸುವ ವಿದ್ಯೆ ಸರ್ಜನ್ನರಿಗೆ ಒಲಿದಿದೆ, ನಿಮ್ಮ ಉಪಚಾರವನ್ನು ಕತ್ತರಿಸುವ ಕತ್ತರಿ ಇನ್ನೂ ಬಂದಿಲ್ಲ.

ಆದ್ದರಿಂದ ವಿನಂತಿ: ಮುಂದಿನ ಪಂಕ್ತಿಯಲ್ಲಿ ಯಾರಾದರೂ ಎಲೆಗೆ ಕೈ ಅಡ್ಡ ಹಿಡಿದರೆ, ಕಾರಣ ಕೇಳದೆ ಪಕ್ಕದ ಎಲೆಗೆ ಹೋಗಿ. ಪಕ್ಕದಲ್ಲಿ ನಾನಿರುತ್ತೇನೆ, ನನಗೆ ಅರ್ಧ ಸಾಕು.

ಇತಿ,
ಕೋಟದ ಒಬ್ಬ ಉಣ್ಣುವವ