ಕಾಲಂ ಮೀಮಾಂಸೆ: ವಿರೂಪಾಕ್ಷಿಪುರ ಶಾಖೆ

ಶಾಸ್ತ್ರಗ್ರಂಥ ಬರೆಯುವವರು ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನಗಳೆಂಬ ಅನುಬಂಧ ಚತುಷ್ಟಯವನ್ನು ಮೊದಲೇ ಸಾರಬೇಕು. ಆನ್‌ಲೈನ್ ಫಾರಂ ತುಂಬಲು ಹೋಗಿ ಸೋತವರೆಲ್ಲ ಈ ಶಾಸ್ತ್ರಕ್ಕೆ ಅಧಿಕಾರಿಗಳು. ವಿಷಯ, ಕೆಂಪು ನಕ್ಷತ್ರ ಹೊತ್ತ ಕಾಲಂ. ಅಭಿಜಿತ್ತನ್ನು ಸೇರಿಸಿ ಎಣಿಸಿದರೂ ನಕ್ಷತ್ರ 28; ಇದು 29ನೆಯದು, ಇದಕ್ಕೆ ಶಾಂತಿ ಹೋಮವಿಲ್ಲ. ಸಂಬಂಧ, ಚನ್ನಪಟ್ಟಣ ತಾಲ್ಲೂಕಿನ ವಿರೂಪಾಕ್ಷಿಪುರ ಹೋಬಳಿಗೂ ಹೊರದೇಶಕ್ಕೂ ಇರುವಂಥದು. ಪ್ರಯೋಜನ ಸಂದೇಹಾಸ್ಪದ.

ಉದಾಹರಣೆ ಬೇಕಾದಾಗಲೆಲ್ಲ ಶಾಸ್ತ್ರಕಾರರು ದೇವದತ್ತನನ್ನು ಕರೆಯುತ್ತಾರೆ. ನಮಗೆ ವಿ.ಕೆ. ಬೋರೇಗೌಡರು ಸಾಕು. ವಿ ಅವರ ಊರು, ಕೆ ಅವರ ತಂದೆ ಕೆಂಪೇಗೌಡರು, ಉಳಿದದ್ದು ಅವರೇ. ಹಳೇ ಮೈಸೂರು ಸೀಮೆಯಲ್ಲಿ ಒಬ್ಬ ಮನುಷ್ಯನ ಗುರುತಿಗೆ ಇದಕ್ಕಿಂತ ಹೆಚ್ಚು ಯಾರೂ ಕೇಳರು. ಅಮೆರಿಕದ ಮಗಳ ಮನೆಗೆ ಹೋದ ಗೌಡರು ಚಪ್ಪಲಿ ಕೊಳ್ಳಲು ಅಲ್ಲಿನ ಫಾರಂ ತೆರೆದರೆ, ಅದಕ್ಕೆ ಅವರ ಹೆಸರು ಬೇರೆ, ಮನೆತನದ ಹೆಸರು ಬೇರೆ ಬೇಕು. ವಿ.ಕೆ. ಎಂದರೆ ಚುಕ್ಕಿ ನಿಷಿದ್ಧ. ಚುಕ್ಕಿ ತೆಗೆದರೆ ಅಕ್ಷರ ಸಾಲದು. ಅಪ್ಪನ ಹೆಸರು ಹಾಕಿದರೆ ಶಿವನ ಪಾದ ಸೇರಿದ ಕೆಂಪೇಗೌಡರಿಗೆ ಚಪ್ಪಲಿ ಬರುತ್ತದೆ. ಊರನ್ನೇ ಬಿಡಿಸಿ ಬರೆದರೋ, ‘ಹಾಯ್ ವಿರೂಪಾಕ್ಷಿಪುರ, ನಿನ್ನ ಚಪ್ಪಲಿ ಇಲ್ಲೇ ಉಳಿದಿದೆ’ ಎಂದು ಇಡೀ ಹೋಬಳಿಯನ್ನು ಉದ್ದೇಶಿಸಿ ಇ-ಮೇಲ್ ಬರುತ್ತದೆ. ನಗಬೇಡಿ. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗರಿಗೆ ಪ್ರವೇಶವಿಲ್ಲವೆಂದು ಯುಎಇ 2022ರ ನವೆಂಬರಿನಲ್ಲಿ ಹೇಳಿಯೇಬಿಟ್ಟಿತು.

ಇನ್ನು ವಿಳಾಸ ಪ್ರಕರಣ. ಗೌಡರ ಮನೆ ಇದ್ದಲ್ಲೇ ಇದೆ. ಅದರ ರಾಜ್ಯ 1973ರಲ್ಲಿ ಮೈಸೂರು ಹೋಗಿ ಕರ್ನಾಟಕವಾಯಿತು; ಜಿಲ್ಲೆ 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ. ಫಾರಮ್ಮಿನೊಳಗಿನ ಜಿಲ್ಲಾಪಟ್ಟಿ ಯಾವ ಅರಸನ ಕಾಲದ್ದೆಂದು ನಿರ್ಣಯಿಸುವುದು ಶಾಸನತಜ್ಞರಿಗೆ ಬಿಟ್ಟದ್ದು.

ತಪ್ಪೆಲ್ಲ ಪರದೇಶದವರದೇ ಎಂಬ ಪೂರ್ವಪಕ್ಷ ಇಲ್ಲಿ ಏಳುತ್ತದೆ. ಅದು ನಿಲ್ಲದು. ಆಲೆ ಮರ ಕಡೆದು ಅರಗಿನ ಬಣ್ಣ ಹಚ್ಚಿದ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಿಕೆಯಿದೆ, ಲೋಕದಲ್ಲೆಲ್ಲ ಗಿರಾಕಿಯೂ ಇದ್ದಾರೆ. ಆದರೆ ನಮ್ಮ ಕಡೆಯ ಫಾರಂಗೆ 1972ರಲ್ಲಿ ಬಂದ ಆರಂಕಿಯ ಪಿನ್ ಬಿಟ್ಟು ಬೇರೆ ವೇದವಿಲ್ಲ. ಸಿಂಗಪುರದವನು ಅದರಲ್ಲಿ ಪಾಸು, ಅವನದೂ ಆರಂಕಿಯೇ; ಮೊಬೈಲ್ ಕಾಲಂನಲ್ಲಿ ನಪಾಸು, ಅಲ್ಲಿ ಎಂಟೇ ಅಂಕಿ. ರಾಜ್ಯ ಯಾವುದೆಂದರೆ ಅವನ ದೇಶಕ್ಕೆ ರಾಜ್ಯಗಳೇ ಇಲ್ಲ. ದುಬೈಯವನಿಗೆ ಪಿನ್ನೇ ಇಲ್ಲ. ಬೇಸತ್ತು ಆತ ಹುಟ್ಟೂರಿನ 562160 ಒತ್ತಿದರೆ, ಚನ್ನಪಟ್ಟಣದಲ್ಲಿ ಹುಟ್ಟಿದ ಗೊಂಬೆ ವಿದೇಶಿ ಅಂಚೆವೆಚ್ಚ ಕಟ್ಟಿಸಿಕೊಂಡು ಚನ್ನಪಟ್ಟಣಕ್ಕೇ ಬರುತ್ತದೆ. ಓಟಿಪಿ ಮಾತ್ರ ಎಲ್ಲಿಗೂ ಬರುವುದಿಲ್ಲ.

ಸಿದ್ಧಾಂತ ಚಿಕ್ಕದು. ಹೆಸರಿಗೆ ಒಂದೇ ಕಾಲಂ ಇರಲಿ, ಚುಕ್ಕಿಗೂ ಕನ್ನಡಕ್ಕೂ ಅದರಲ್ಲಿ ಜಾಗವಿರಲಿ. ದೇಶ ಯಾವುದೆಂದು ಮೊದಲು ಕೇಳಿ, ಆ ದೇಶಕ್ಕೆ ಒಪ್ಪುವ ವಿಳಾಸವನ್ನು ಆಮೇಲೆ ಕೇಳಬೇಕು. ಪಿನ್ ಇಲ್ಲದವನನ್ನು ಪಿನ್ ಕೇಳಬಾರದು. ಮೊಬೈಲಿಗೆ ಹತ್ತಂಕಿಯ ಕಟ್ಟು ಬೇಡ. ಇದಕ್ಕೆ ಹೊಸ ಸಂಶೋಧನೆ ಬೇಕಿಲ್ಲ, ತಂತ್ರಜ್ಞಾನ ಎಂದೋ ಸಿದ್ಧವಾಗಿದೆ. ಫಾರಂ ಕಟ್ಟುವ ಬೆಂಗಳೂರಿನ ಎಂಜಿನಿಯರ್ ಮಹಾಶಯರಲ್ಲಿ ವಿನಂತಿ: ಪರೀಕ್ಷೆಗೆಂದು ಜಾನ್ ಸ್ಮಿತ್ತನ ಹೆಸರು ತುಂಬುವ ಬದಲು ನಿಮ್ಮಪ್ಪನ ಹೆಸರು, ಇನಿಷಿಯಲ್ ಸಮೇತ, ಒಮ್ಮೆ ತುಂಬಿ ನೋಡಿ.