ಕೋವಿತೈಲ ಮೀಮಾಂಸೆ

ಕೋವಿಗೆ ಯಾವ ಎಣ್ಣೆ ಶ್ರೇಷ್ಠ ಎಂಬ ಬಗ್ಗೆ ವೇದಗಳು ಮೌನವಾಗಿವೆ. ಆಗ ಕೋವಿಯೇ ಇರಲಿಲ್ಲವಾದ್ದರಿಂದ ಈ ಮೌನ ಎಂದು ಒಂದು ಪಂಗಡ ವಾದಿಸುತ್ತದೆ. ಆಗ್ನೇಯಾಸ್ತ್ರವನ್ನು ತುಕ್ಕು ಹಿಡಿಯುವಷ್ಟು ದಿನ ಯಾರೂ ಇಟ್ಟುಕೊಳ್ಳುತ್ತಿರಲಿಲ್ಲ ಎಂಬುದು ಇನ್ನೊಂದು ಪಂಗಡದ ಸಮಾಧಾನ. ಏನೇ ಇರಲಿ, ಶಾಸ್ತ್ರಕಾರರು ಬಿಟ್ಟುಹೋದ ಜಾಗವನ್ನು ತುಂಬುವ ಭಾರ ಕೊಡಗು, ಮಲೆನಾಡಿನ ಜಗಲಿಗಳ ಮೇಲೆ ಬಿದ್ದಿದೆ. ಅಲ್ಲಿನ ಕೋವಿಕೋವಿದರಲ್ಲಿ ಒಬ್ಬರು ಹೊಲಿಗೆ ಮಿಷನ್ ಎಣ್ಣೆ ಎಂದರೆ, ಪಕ್ಕದವರು ಕೇಳಿಸದವರಂತೆ ಎಲೆಗೆ ಸುಣ್ಣ ಹಚ್ಚುತ್ತಾ ಕೂರುತ್ತಾರೆ. ಇದನ್ನು ಖಂಡನೆಯೆಂದೇ ಗ್ರಹಿಸತಕ್ಕದ್ದು.

ಕ್ಷೇತ್ರ ನಿರ್ಣಯ

ಪ್ರಸ್ತುತ ಪ್ರಬಂಧದ ಕ್ಷೇತ್ರ ಕೊಡಗು. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ದಾಟಿ ಮಳೆ ಸುರಿಯುತ್ತದೆ. ಮಳೆ ಜೋರಾಗಿರುವ ಕಕ್ಕಡ ತಿಂಗಳಲ್ಲಿ ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬಾಗಿಲ ಹಿಂದಿನ ಚಪ್ಪಲಿಗೂ ಭೇದವಿಲ್ಲದೆ ಬೂಸ್ಟು ಹಿಡಿಯುತ್ತದೆ. ಇಂಥ ಊರಿನಲ್ಲೇ ಮನೆಮನೆಗೆ ಕೋವಿ ಇರುವುದು ತುಕ್ಕಿನ ಪೂರ್ವಜನ್ಮದ ಪುಣ್ಯ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅವರ ಕಾಲದಲ್ಲಿ ಕೊಡಗಿನವರಿಗೆ ನಿಶ್ಶಸ್ತ್ರೀಕರಣ ಕಾನೂನಿನಿಂದ ಬಿಡುಗಡೆ ಸಿಕ್ಕಿತು. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆಯೂ ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಆ ರಿಯಾಯಿತಿಯನ್ನು ಉಳಿಸಿಕೊಳ್ಳಲು ದಾರಿ ಬಿಟ್ಟಿತು. ಸದ್ಯದ ಆದೇಶ 2029ರ ಅಕ್ಟೋಬರ್ 31ರವರೆಗೆ ಚಾಲ್ತಿಯಲ್ಲಿದೆ. ಕೇಂದ್ರ ಸರ್ಕಾರ ಕೊಟ್ಟಿರುವುದು ಪರವಾನಗಿಯಿಂದ ವಿನಾಯಿತಿ. ತುಕ್ಕಿನಿಂದ ವಿನಾಯಿತಿ ಕೋರುವ ಕಡತವನ್ನು ಯಾರೂ ಇನ್ನೂ ದೆಹಲಿಗೆ ಕಳಿಸಿಲ್ಲ.

ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊಡವರ ಆಯುಧಪೂಜೆಯ ಹಬ್ಬ ಕೈಲ್ ಮುಹೂರ್ತ ಬರುತ್ತದೆ. ಮಳೆಗಾಲವಿಡೀ ಮೂಲೆ ಹಿಡಿದಿದ್ದ ಕೋವಿ ಹೊರಬಂದು, ಒರೆಸಿಕೊಂಡು, ನಳಿಗೆಗೆ ತೋಕ್ ಪೂ, ಅಂದರೆ ಕೋವಿ ಹೂ, ಮುಡಿದು ಪೂಜೆಗೆ ಕೂರುತ್ತದೆ. ಆಮೇಲೆ ಕಡಂಬುಟ್ಟು, ಪಂದಿಕರಿಯ ಊಟ; ಆಮೇಲೆ ತೆಂಗಿನಕಾಯಿಗೆ ಗುಂಡು. ಕೋವಿಗೂ ತೆಂಗಿಗೂ ಶಾಸ್ತ್ರಸಮ್ಮತವಾದ ಸಂಬಂಧ ಇದೊಂದೇ ಎಂಬುದನ್ನು ಮುಂದೆ ಪ್ರತಿಪಾದಿಸಲಾಗುವುದು.

ಮತತ್ರಯ ವಿಚಾರ

ಕೋವಿತೈಲದಲ್ಲಿ ಮೂರು ಮುಖ್ಯ ಮತಗಳಿವೆ. ಮೊದಲನೆಯದು ಅದ್ವೈತ. ತೊಳೆಯುವುದು, ಜಾರಿಸುವುದು, ಕಾಯುವುದು ಎಂಬ ಮೂರು ಕಾರ್ಯಗಳು ತೋರಿಕೆಗೆ ಬೇರೆ. ಪರಮಾರ್ಥದಲ್ಲಿ ಒಂದೇ ಬಾಟಲಿ. ಅಮೆರಿಕದ ಸೈನ್ಯ ಇಂಥ ತ್ರಿಗುಣ ತೈಲವನ್ನು ಸಿಎಲ್‌ಪಿ ಎಂಬ ಹೆಸರಿನಲ್ಲಿ ಅಂಗೀಕರಿಸಿದ ಮೇಲೆ ಈ ಮತಕ್ಕೆ ರಾಜಾಶ್ರಯ ದೊರೆಯಿತು. ಇದರ ಪೂರ್ವಾಚಾರ್ಯ ಎನ್ನಬಹುದಾದದ್ದು 1904ರ ಜರ್ಮನಿಯ ಬ್ಯಾಲಿಸ್ಟಾಲ್. ಲೋಹಕ್ಕೆ, ಮರಕ್ಕೆ, ಚರ್ಮಕ್ಕೆ ಹಚ್ಚಿದ ಜರ್ಮನ್ನರು ಅಷ್ಟಕ್ಕೇ ನಿಲ್ಲದೆ ಮೈಮೇಲಿನ ಗಾಯಕ್ಕೂ ಹಚ್ಚಿಕೊಂಡರು. ನೀರಿನಲ್ಲಿ ಬೆರೆಸಿದರೆ ಮಜ್ಜಿಗೆಯಂತೆ ಬೆಳ್ಳಗಾಗುತ್ತದೆ. ಸದ್ಯ, ಕುಡಿಯುವ ವಿಧಿಯನ್ನು ಈ ಪ್ರಬಂಧ ಒಪ್ಪುವುದಿಲ್ಲ.

ಎರಡನೆಯದು ದ್ವೈತ. ತೊಳೆಯುವ ದ್ರವ ಬೇರೆ, ಎಣ್ಣೆ ಬೇರೆ; ಈ ಭೇದ ನಿತ್ಯ, ಸತ್ಯ. ಇಲ್ಲಿ ಪಂಚಭೇದವನ್ನೂ ಹೇಳಲಾಗಿದೆ: ದ್ರಾವಕಕ್ಕೂ ಎಣ್ಣೆಗೂ, ಎಣ್ಣೆಗೂ ಗ್ರೀಸಿಗೂ, ಮಸಿಗೂ ಸೀಸಕ್ಕೂ, ಕಬ್ಬಿಣಕ್ಕೂ ಮರಕ್ಕೂ, ಕೋವಿ ಒರೆಸುವ ಬಟ್ಟೆಗೂ ಅಡುಗೆಮನೆಯ ಮಸಿಬಟ್ಟೆಗೂ. ಐದನೆಯ ಭೇದವನ್ನು ಮೀರಿದವರಿಗೆ ಆ ದಿನದ ಊಟ ತಪ್ಪಿದ ನಿದರ್ಶನಗಳಿವೆ. ಇವರ ಮೂಲಪೀಠ ಅಮೆರಿಕದ ಫಿಲಡೆಲ್ಫಿಯಾ. ಅಲ್ಲಿ ಫ್ರ್ಯಾಂಕ್ ಆಗಸ್ಟ್ ಹೊಪ್ಪೆ ಎಂಬಾತ 1903ರಲ್ಲಿ 'ನಂಬರ್ 9' ಎಂಬ ದ್ರಾವಕವನ್ನು ಹೊರತಂದ. ಅದರಲ್ಲಿನ ಅಮೈಲ್ ಅಸಿಟೇಟ್‌ನಿಂದಾಗಿ ಮಾಗಿದ ಬಾಳೆಹಣ್ಣಿನ ವಾಸನೆ ಬರುತ್ತದೆ. ನಳಿಗೆಯ ಮಸಿ, ಸೀಸದ ಪದರವನ್ನು ಅದು ಬಿಡಿಸುತ್ತದೆ. ಆದರೆ ಅದನ್ನು ಒರೆಸಿ ತೆಗೆದ ಮೇಲೆ ಎಣ್ಣೆ ಹಚ್ಚಲೇಬೇಕು. ನಳಿಗೆಗೆ ಅಂಟಿದ ತಾಮ್ರ ಬಿಡಿಸಲು ಅಮೋನಿಯಾ ಇರುವ ದ್ರಾವಕ ಬಳಸುವವರಂತೂ ಬಾಟಲಿಯ ಮೇಲೆ ಬರೆದ ಹೊತ್ತು ಮೀರಬಾರದು.

ಮೂರನೆಯದು ವಿಶಿಷ್ಟಾದ್ವೈತ. ಬಾಟಲಿಗಳು ಎರಡೇ, ಆದರೆ ಎರಡೂ ಒಂದೇ ಡಬ್ಬಿಯಲ್ಲಿ, ಒಂದೇ ಕಂಪನಿಯದು. ಇದರಿಂದ ಕೋವಿಗೆ ಸಿಗುವ ವಿಶೇಷ ಫಲ ಏನೆಂಬುದು ಚರ್ಚಾಸ್ಪದ. ಅಂಗಡಿಯವನಿಗೆ ಸಿಗುವ ಫಲದಲ್ಲಿ ಸಂಶಯವಿಲ್ಲ.

ಈ ಮೂರಕ್ಕೂ ಹೊರಗೆ ಅಡುಗೆಮನೆ ಚಾರ್ವಾಕರಿದ್ದಾರೆ. ಕೈಗೆ ಸಿಕ್ಕಿದ್ದೇ ಪ್ರಮಾಣ ಎನ್ನುವವರು. ಇವರಲ್ಲಿ ತೆಂಗಿನೆಣ್ಣೆಯವರೇ ಹೆಚ್ಚು. ತೆಂಗಿನೆಣ್ಣೆ ಸುಮಾರು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಮಡಿಕೇರಿಯ ಮಳೆಗಾಲ ಆ ಗೆರೆಯನ್ನು ದಿನವೂ ಇಳಿಯುತ್ತದೆ. ಕೋವಿಯ ಕುದುರೆಯ ಸಂದಿಯಲ್ಲಿ ಎಣ್ಣೆ ಮೇಣವಾಗಿ ಕೂತರೆ ಹಂದಿ ಗದ್ದೆ ದಾಟಿದ ಮೇಲೆ ಈಡು ಹಾರುತ್ತದೆ. ಅಗಸೆ ಎಣ್ಣೆ ಇನ್ನೂ ಮೋಸ: ಗಾಳಿ ತಾಗಿ ಒಣಗಿ ವಾರ್ನಿಷ್ ಆಗುತ್ತದೆ. ಆ ಗುಣಕ್ಕಾಗಿಯೇ ಹಿಡಿಯ ಮರಕ್ಕೆ ಅದು ಯೋಗ್ಯ, ಕಬ್ಬಿಣಕ್ಕೆ ಅಯೋಗ್ಯ. ಹೊಲಿಗೆ ಮಿಷನ್ ಎಣ್ಣೆ ಖನಿಜ ತೈಲವಾದ್ದರಿಂದ ಹೀಗೆ ಗಟ್ಟಿಯಾಗುವುದಿಲ್ಲ. ಆದರೆ ತೆಳು, ಆಗಾಗ ಹಚ್ಚಬೇಕು. ಜಗಲಿಯ ಹಿರಿಯರು ಪೂರ್ತಿ ಸೋತಿಲ್ಲ ಎಂದಾಯಿತು.

ಡಬ್ಲ್ಯುಡಿ-40 ಭಕ್ತರದು ಬೇರೆಯೇ ಪಂಥ. 1953ರಲ್ಲಿ ಸ್ಯಾನ್ ಡಿಯೇಗೋದಲ್ಲಿ ನಲವತ್ತನೆಯ ಸೂತ್ರವಾಗಿ ಹುಟ್ಟಿದ ಈ ದ್ರವದ ಧರ್ಮ ನೀರನ್ನು ಅಟ್ಟುವುದು. ಮಳೆಯಲ್ಲಿ ನೆನೆದು ಬಂದ ಕೋವಿಗೆ ಮೊದಲ ಉಪಚಾರವಾಗಿ ಸರಿಯೇ. ಅದನ್ನೇ ಹಚ್ಚಿ ನಾಲ್ಕು ತಿಂಗಳು ಮೂಲೆಗಿಟ್ಟರೆ ಆಗದು. ಅದರಲ್ಲಿನ ದ್ರಾವಕ ಆರಿಹೋಗಿ ಉಳಿಯುವ ಪೊರೆ ತೀರಾ ತೆಳು.

ಮಾಲಿನ್ಯ ವಿಚಾರ

ಮತಸ್ಥರೆಲ್ಲ ಬಾಟಲಿಯ ಮೇಲೆ ವಾದ ಮಾಡುತ್ತಿರುವಾಗ ನಳಿಗೆಯೊಳಗೆ ಉಪ್ಪು ಕೂತಿರುತ್ತದೆ. ಹಳೆಯ ಕೇಪುಗಳಲ್ಲಿ, ಹಳೆಯ ಸೈನಿಕ ತೋಟಾಗಳಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸಿಡಿದಾಗ ಉಳಿಯುವುದು ಪೊಟ್ಯಾಸಿಯಂ ಕ್ಲೋರೈಡ್, ಉಪ್ಪಿನ ಅಣ್ಣತಮ್ಮ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಎಣ್ಣೆಯಲ್ಲಿ ಕರಗುವುದಿಲ್ಲ. ಅದರ ಮೇಲೆ ಎಷ್ಟು ದುಬಾರಿ ಎಣ್ಣೆ ಸುರಿದರೂ ಕೆಳಗೆ ತುಕ್ಕು ತನ್ನ ಪಾಡಿಗೆ ಕೆಲಸ ಮಾಡುತ್ತದೆ. ಮದ್ದಿನ ಪುಡಿ ತುಂಬುವ ಕೇಪಿನ ಕೋವಿಯ ಮಸಿಯೂ ಇದೇ ಜಾತಿ.

ಇದಕ್ಕೆ ಮದ್ದು ನೀರು! .303 ಲೀ-ಎನ್‌ಫೀಲ್ಡ್ ರೈಫಲ್ ಹಿಡಿದ ಬ್ರಿಟಿಷ್ ಸೈನಿಕರು ಗುಂಡು ಹಾರಿಸಿದ ಮೇಲೆ ನಳಿಗೆಗೆ ಕುದಿನೀರು ಹೊಯ್ಯುತ್ತಿದ್ದರು. ಉಪ್ಪು ಕರಗಿ ಹೋಗುತ್ತದೆ, ಕಾದ ಕಬ್ಬಿಣ ತಾನೇ ಬೇಗ ಒಣಗುತ್ತದೆ, ಆಮೇಲೆ ಎಣ್ಣೆ. ಕೇಪಿನ ಕೋವಿಗೆ ಬಿಸಿನೀರು, ಸೋಪು. ತುಕ್ಕಿಗೆ ಹೆದರುವವರು ಮೊದಲು ನೀರು ಹಾಕಬೇಕು ಎಂಬ ಈ ಸಿದ್ಧಾಂತವನ್ನು ಜಗಲಿಯಲ್ಲಿ ಹೇಳಿದವರ ಮರ್ಯಾದೆಗೆ ಪ್ರಬಂಧಕಾರ ಹೊಣೆಯಲ್ಲ.

ಐತಿಹಾಸಿಕ ಆಧಾರಗಳು

ಜಿಡ್ಡಿನ ಆಯ್ಕೆಯನ್ನು ಹಗುರವಾಗಿ ಕಾಣುವವರು 1857ನ್ನು ನೆನೆಯಬೇಕು. ಎನ್‌ಫೀಲ್ಡ್ ತೋಟಾಕ್ಕೆ ದನದ, ಹಂದಿಯ ಕೊಬ್ಬು ಸವರಿದ್ದಾರೆಂಬ ಮಾತು ಜನವರಿಯಲ್ಲಿ ಡಮ್‌ಡಮ್‌ನಲ್ಲಿ ಎದ್ದಿತು. ಸಿಪಾಯಿಗಳು ತಮಗೆ ಬೇಕಾದ ಜಿಡ್ಡನ್ನು ತಾವೇ ಸವರಿಕೊಳ್ಳಲಿ ಎಂದು ಸರ್ಕಾರ ಅದೇ ತಿಂಗಳು ಒಪ್ಪಿತು. ಅಷ್ಟರಲ್ಲಿ ನಂಬಿಕೆ ಕೆಟ್ಟಿತ್ತು. ಏಪ್ರಿಲ್ 24ರಂದು ಮೀರತ್‌ನಲ್ಲಿ 85 ಮಂದಿ ಸವಾರರು ತೋಟಾ ಮುಟ್ಟಲು ನಿರಾಕರಿಸಿದರು. ಮೇ 10ಕ್ಕೆ ದಂಗೆ ಎದ್ದಿತು.

ಎಣ್ಣೆಯೇ ಬೇಡ ಎನ್ನುವ ಶೂನ್ಯವಾದಕ್ಕೂ ಇತಿಹಾಸವಿದೆ. ವಿಯೆಟ್ನಾಂಗೆ ಹೋದ ಎಂ-16 ರೈಫಲ್ ಹೆಚ್ಚು ಶುಚಿ ಬೇಡುವುದಿಲ್ಲ ಎಂಬ ಮಾತು ಹಬ್ಬಿತ್ತು; ಶುಚಿ ಮಾಡುವ ಸಾಮಗ್ರಿಯೂ ಸಾಲದಾಗಿತ್ತು. ಜೊತೆಗೆ ತೋಟಾದ ಮದ್ದನ್ನೂ ಬದಲಿಸಲಾಗಿತ್ತು. ರೈಫಲ್‌ಗಳು ಕಾಳಗದ ನಡುವೆ ಸಿಕ್ಕಿಹಾಕಿಕೊಂಡು ಸೈನಿಕರು ಸತ್ತರು. ಆಮೇಲೆ ನಳಿಗೆಗೆ ಕ್ರೋಮ್ ಲೇಪ ಬಂತು. 1968ರಲ್ಲಿ ಕಾಮಿಕ್ಸ್ ಕಲಾವಿದ ವಿಲ್ ಐಸ್ನರ್ ಚಿತ್ರಕಥೆಯ ರೂಪದಲ್ಲಿ ಬರೆದ ಸೈನ್ಯದ ಕೈಪಿಡಿಯೂ ಬಂತು. ಉದ್ಗ್ರಂಥ ಓದದ ಸೈನಿಕ ಅದನ್ನು ಓದಿದ.

ಪ್ರಯೋಗ ಕಾಂಡ

ಕರ್ನಾಟಕದಲ್ಲಿ ಈ ಶಾಸ್ತ್ರದ ನಿಜವಾದ ಗುರುಕುಲ ಎನ್‌ಸಿಸಿ. ಅಲ್ಲಿ ಪುಲ್‌ಥ್ರೂ ಹಗ್ಗದ ಕುಣಿಕೆಗೆ ಚಿಂದಿ ಸಿಕ್ಕಿಸಿ ನಳಿಗೆಯೊಳಗೆ ಎಳೆಯುವುದನ್ನು ಕೆಡೆಟ್‌ಗಳಿಗೆ ಕಲಿಸುತ್ತಾರೆ. ಒಣ ಒರೆಸುವಿಕೆಗೆ 4 ಇಂಚು ಉದ್ದ, 2 ಇಂಚು ಅಗಲದ ಚಿಂದಿ. ಎಣ್ಣೆ ಸವರಲು ಅಗಲ ಅರ್ಧ ಇಂಚು ಕಡಿಮೆ. ಒಣ ಚಿಂದಿ ನಳಿಗೆಯ ಗೋಡೆಯನ್ನು ಬಿಗಿಯಾಗಿ ಉಜ್ಜಿಕೊಂಡು ಬರಬೇಕು; ಎಣ್ಣೆಯ ಚಿಂದಿ ಸಡಿಲವಾಗಿ ಸವರಿಕೊಂಡು ಬರಬೇಕು. ಈ ಅರ್ಧ ಇಂಚಿನಲ್ಲಿರುವ ಜ್ಞಾನ ಮತತ್ರಯದ ಯಾವ ಬಾಟಲಿಯಲ್ಲೂ ಇಲ್ಲ.

ಒಣ ಚಿಂದಿ ಬೆಳ್ಳಗೆ ಬರುವವರೆಗೆ ಎಳೆಯುವುದು. ಅದಾದ ಮೇಲೆ ಎಣ್ಣೆಯ ಪೊರೆ ಬೆರಳಿಗೆ ತಾಗಿಯೂ ತೊಟ್ಟಿಕ್ಕದಷ್ಟು. ಹೆಚ್ಚು ಸುರಿದರೆ ಧೂಳು ಹಿಡಿಯುತ್ತದೆ. ನಿಲ್ಲಿಸಿಟ್ಟ ಕೋವಿಯಲ್ಲಿ ಅದು ಕೆಳಗಿಳಿದು ಹಿಡಿಯ ಮರವನ್ನು ಮೆತ್ತಗೆ ಮಾಡುತ್ತದೆ. ಕೊನೆಯಲ್ಲಿ ಹೊರಮೈ ಒರೆಸಬೇಕು. ಬೆವರಿನಲ್ಲೂ ಉಪ್ಪಿದೆ, ಕೋವಿ ನೋಡಲು ಬಂದ ನೆಂಟರ ಬೆರಳಚ್ಚು ಹದಿನೈದು ದಿನದಲ್ಲಿ ಕಂದು ಬಣ್ಣದಲ್ಲಿ ಮೂಡುತ್ತದೆ.

ಠಾಣಾವಾಸ ಪರ್ವ

ಪಾಂಡವರ ಆಯುಧಗಳು ಬನ್ನಿ ಮರದ ಮೇಲಿದ್ದದ್ದು ಒಂದೇ ವರ್ಷ. ಮಲೆನಾಡಿನ ಬೆಳೆ ರಕ್ಷಣೆ ಕೋವಿಗೆ ಚುನಾವಣೆ ಬಂದಾಗಲೆಲ್ಲ ಠಾಣಾವಾಸ. ಅಲ್ಲಿ ಅದು ಹತ್ತಾರು ಸೋದರರೊಂದಿಗೆ ಗೋಡೆಗೊರಗಿ ನಿಲ್ಲುತ್ತದೆ. ಒಡೆಯನ ಚಿಂದಿಗೆ ಅಲ್ಲಿ ಪ್ರವೇಶವಿಲ್ಲ. ಒಪ್ಪಿಸುವ ಮುನ್ನವೇ ನಳಿಗೆಯೊಳಗೂ ಹೊರಗೂ ದಪ್ಪನೆಯ ತುಕ್ಕುನಿರೋಧಕ ಗ್ರೀಸ್ ಬಳಿಯುವುದು ಲೇಸು. ಮಹಾಯುದ್ಧದ ರೈಫಲ್‌ಗಳು ಕಾಸ್ಮೊಲೀನ್ ಎಂಬ ಕಂದು ಗ್ರೀಸಿನಲ್ಲಿ ಮುಳುಗಿ ದಶಕಗಟ್ಟಲೆ ಉಗ್ರಾಣಗಳಲ್ಲಿ ಕೆಡದೆ ಇದ್ದವು.

ಮನೆಯಲ್ಲಿಡುವಾಗ ಚರ್ಮದ ಚೀಲ ವರ್ಜ್ಯ. ಚರ್ಮ ತೇವ ಹಿಡಿದಿಟ್ಟುಕೊಳ್ಳುತ್ತದೆ, ಹದ ಮಾಡುವಾಗ ಸೇರಿದ ಉಪ್ಪು ಕಬ್ಬಿಣವನ್ನು ತಿನ್ನುತ್ತದೆ. ಬೀಗವಿರುವ ಬೀರು, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ತೋಟಾ ಬೇರೆ ಕಡೆ. ಬಣ್ಣ ಬದಲಿಸುವ ಜೆಲ್ ಹರಳು ಸಿಕ್ಕರೆ ಇನ್ನೂ ಒಳ್ಳೆಯದು: ತೇವ ಕುಡಿದದ್ದು ಕಣ್ಣಿಗೆ ಕಾಣುತ್ತದೆ, ಕಾಯಿಸಿದರೆ ಮತ್ತೆ ಕೆಲಸಕ್ಕೆ ಬರುತ್ತದೆ.

ಫಲಶ್ರುತಿ

ಈ ಮೀಮಾಂಸೆಯನ್ನು ಓದಿದವರಿಗೆ ಪುತ್ರಲಾಭ, ಧನಲಾಭಗಳ ಭರವಸೆ ಇಲ್ಲ. ಎಣ್ಣೆಯ ಖರ್ಚಿನಲ್ಲಿ ಸ್ವಲ್ಪ ಉಳಿತಾಯವಾಗಬಹುದು. ಮೂರು ಮತಗಳಲ್ಲಿ ಯಾವುದನ್ನು ಹಿಡಿದರೂ ಅಡ್ಡಿಯಿಲ್ಲ, ಉಪ್ಪು ಹೋಗಿ ಒಳಗು ಒಣಗಿರಬೇಕು ಅಷ್ಟೇ. ಎಣ್ಣೆ ಬಟ್ಟೆ ಹಿಡಿಯುವ ಮೊದಲು ಕೋವಿ ಮಡಚಿ ತೋಟಾ ಇಲ್ಲವೆಂದು ಎರಡು ಸಲ ನೋಡಿ. ಹಬ್ಬದ ದಿನ ತೆಂಗಿನಕಾಯಿಗೆ ಗುರಿಯಿಡುವ ಮುನ್ನ ಒಣ ಚಿಂದಿಯೊಂದನ್ನು ನಳಿಗೆಯಲ್ಲಿ ಎಳೆದು, ಹಚ್ಚಿಟ್ಟ ಎಣ್ಣೆ, ಗ್ರೀಸನ್ನು ಪೂರ್ತಿ ತೆಗೆಯಿರಿ. ನಳಿಗೆಯಲ್ಲಿ ಜಿಡ್ಡು ಕಟ್ಟಿಕೊಂಡಿರುವಾಗ ಗುಂಡು ಹಾರಿಸುವುದು ಅಪಾಯ.