ವಾದ ದುರ್ಬಲ

ವಯಸ್ಸನ್ನು ನೇಮಕಾತಿ ನೋಟಿಫಿಕೇಶನ್ ಲೆಕ್ಕದಲ್ಲಿ ಹೇಳುವ ಅಣ್ಣನೊಬ್ಬ ಧಾರವಾಡದ ಸಪ್ತಾಪುರದ ಪ್ರತಿ ರೀಡಿಂಗ್ ರೂಮಿನಲ್ಲೂ ಇರುತ್ತಾನೆ. ಕಿರಿಯರ ಬಾಯಲ್ಲಿ ರೀಸನಿಂಗ್ ಅಣ್ಣ. ಬಹುತೇಕ ಬ್ಯಾಂಕ್ ಪ್ರಿಲಿಮ್ಸ್‌ನಲ್ಲಿ ರೀಸನಿಂಗ್ ವಿಭಾಗದ 35 ಪ್ರಶ್ನೆಗೆ 20 ನಿಮಿಷ. ಇವನಿಗೆ ಅದರಲ್ಲೂ ಸಮಯ ಉಳಿಯುತ್ತದಂತೆ. ಗಣಿತದ ಸುದ್ದಿ ಮಾತ್ರ ಎತ್ತಬಾರದು.

ಅವನಿಗೆ ಪ್ರಾಣ ಎಂದರೆ ಹೇಳಿಕೆ–ವಾದದ ಪ್ರಶ್ನೆ. 'ಹೀಗೆ ಮಾಡಬೇಕೇ?' ಎಂದು ಮೇಲೊಂದು ಹೇಳಿಕೆ, ಕೆಳಗೆ ಹೌದೆನ್ನುವುದೊಂದು, ಬೇಡವೆನ್ನುವುದೊಂದು ವಾದ. ಯಾವುದು ಪ್ರಬಲ, ಯಾವುದು ದುರ್ಬಲ ಹೇಳಬೇಕು. ತಪ್ಪಿದರೆ ಕಾಲು ಪಾಲು ಅಂಕ ಖೋತಾ. ಪುಸ್ತಕದಲ್ಲಿದ್ದರೆ ಸರಿ, ಇವನದು ಫೋನಿನಲ್ಲೂ ನಡೆಯುತ್ತದೆ.

ಊರಿಂದ ಅವ್ವ: "ನಿನ್ನ ವಾರಿಗಿ ಹುಡುಗೂರ್ದೆಲ್ಲಾ ಲಗ್ನ ಆತು. ನೀನೂ ಆಗಿಬಿಡು."

"ಮಂದಿ ಮಾಡ್ಯಾರಂತ ಉದಾಹರಣಿ ಕೊಟ್ರ ಆಗಂಗಿಲ್ಲಬೇ. ದುರ್ಬಲ."

ಫೋನು ಅಪ್ಪನ ಕೈಗೆ. "ಈ ವರ್ಷನ ಮುಗಸ್ರಿ ಅಂತ ಸ್ವಾಮಿಗೋಳು ಹೇಳ್ಯಾರ."

"ದೊಡ್ಡವರು ಹೇಳಿದ್ದು ಕಾರಣ ಆಗಂಗಿಲ್ಲಪಾ. ದುರ್ಬಲ."

ಹಿಂದಿನಿಂದ ಅಜ್ಜಿ: "ಹೆಣ್ಣು ಕೊಡೋರು ಎಷ್ಟು ದಿನ ಕಾಯ್ತಾರೋ?"

"ಆಯೀ, ಪ್ರಶ್ನಿ ರೂಪದಾಗ ಐತಿ. ಇದನ್ನ ಮದ್ಲ ಹೊಡದು ಹಾಕೂದು."

ಕೋಚಿಂಗ್ ನಿಯಮದ ಪ್ರಕಾರ ಅಣ್ಣನ ಮೂರೂ ತೀರ್ಪು ಸರಿಯೇ. ವಿಷಯಕ್ಕೆ ನೇರವಾಗಿ ತಾಗುವ, ತೂಕವಿರುವ ಕಾರಣವಷ್ಟೇ ಪ್ರಬಲ. ಆದರೆ ಗೌತಮನ ನ್ಯಾಯಸೂತ್ರದಲ್ಲಿ ವಾದ, ಜಲ್ಪ ಆದಮೇಲೆ ವಿತಂಡ ಅಂತೊಂದು ಬರುತ್ತದೆ: ತನ್ನದೊಂದು ಪಕ್ಷ ಇಡದೆ ಎದುರಿನವರದ್ದನ್ನು ಕೆಡವುತ್ತ ಹೋಗುವುದು. ಲಗ್ನ ಯಾಕೆ ಬೇಡ ಎಂದು ನಮ್ಮ ಅಣ್ಣ ಇವತ್ತಿಗೂ ಬಾಯಿ ಬಿಟ್ಟಿಲ್ಲ.

ಮೆಸ್ಸಿನ ಅಕ್ಕನ ಮುಂದೆ ಆಟ ಸ್ವಲ್ಪ ಬಿಗಿ. ಹೋದ ತಿಂಗಳು ಆಕೆ ಊಟದ ದರ ಏರಿಸಿದಳು. "ಗ್ಯಾಸ್ ತುಟ್ಟಿ ಆಗೇತಿ, ಜ್ವಾಳಾ ತುಟ್ಟಿ ಆಗೇತಿ."

"ಒಂದನೇ ವಾದ ಪ್ರಬಲ ಅಕ್ಕಾರ," ಎಂದು ಬೆರಳಿನ ಶೇಂಗಾ ಚಟ್ನಿ ನೆಕ್ಕುತ್ತ ಒಪ್ಪಿಕೊಂಡ. "ಆದ್ರ ಹುಡುಗೂರ ಕಡೆ ರೊಕ್ಕ ಇಲ್ಲ ಅನ್ನೂದೂ ಪ್ರಬಲನ. ಪ್ರಬಲ ಅಂದಕೂಡ್ಲೇ ಒಪ್ಪಬೇಕಂತೇನಿಲ್ರಿ. ಎರಡೂ ಪ್ರಬಲ ಅಂತ ಒಂದು ಆಪ್ಷನ್ನ ಐತಿ."

ಅಕ್ಕ ರೊಟ್ಟಿ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು. "ರೊಕ್ಕ ಹಾಕು, ಇಲ್ಲಾಂದ್ರ ನಾಳಿಂದ ಬ್ಯಾರೆ ಮೆಸ್ ನೋಡ್ಕೊ."

"ಬೆದರಿಕಿ ವಾದನ ಅಲ್ರಿ. ಭಾಳ ದುರ್ಬಲ," ಎಂದ ಅಣ್ಣ, ಗೋಡೆಯ ಕ್ಯೂಆರ್ ಕೋಡಿಗೆ ಮೊಬೈಲ್ ಹಿಡಿಯುತ್ತ.